ಸ್ಕ್ರೂ ಅಕ್ಕನ ಕಸದಾಟ

ಓಣಿಯ ಮಕ್ಕಳು ಅವಳನ್ನು ಸ್ಕ್ರೂ ಅಕ್ಕ ಅಂತ ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆಯ ಮಿಕ್ಸಿಯನ್ನು ಅಡುಗೆಮನೆಯ ನೆಲದ ಮೇಲೆ ಬಿಚ್ಚಿ ಹರಡಿಕೊಂಡು ಕೂತ ಸೊಸೆ ಅವಳು. ಅತ್ತೆ ಎದೆ ಹಿಡಿದುಕೊಂಡು ಗೋಡೆಗೊರಗಿದರು. ಮತ್ತೆ ಜೋಡಿಸಿ ಗುಂಡಿ ಒತ್ತಿದಾಗ ಮಿಕ್ಸಿ ಮೊದಲಿಗಿಂತ ಜೋರಾಗಿ ತಿರುಗಿತು. ಕೈಯಲ್ಲಿ ಉಳಿದ ಒಂದು ಸ್ಕ್ರೂ ಎಲ್ಲಿಯದು ಅನ್ನುವುದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ. ಅಂದಿನಿಂದ ಬೀದಿ ಬದಿಯ ಕೋಣೆ ಅವಳ ರಿಪೇರಿ ಅಂಗಡಿಯಾಯಿತು.

ಅಲ್ಲಿಗೆ ಬಂದು ಪ್ರಾಣ ಬಿಟ್ಟ ಫೋನು, ಚಾರ್ಜರು, ಕೀಬೋರ್ಡುಗಳೆಲ್ಲ ಮಂಚದ ಕೆಳಗೆ ಗುಡ್ಡೆ ಬಿದ್ದವು. ಅಂಥವನ್ನು ಜನ ತರಕಾರಿ ಸಿಪ್ಪೆಯ ಜೊತೆ ಎಸೆಯುವುದನ್ನು ಕಂಡರೆ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ದೊಡ್ಡವರಿಗೆ ಹೇಳಿ ಹೇಳಿ ಬಾಯಿ ನೋವು ಬಂತೇ ಹೊರತು ಒಬ್ಬರೂ ಕಿವಿಗೊಡಲಿಲ್ಲ. ಹಾಗಾದರೆ ಮಕ್ಕಳನ್ನೇ ಹಿಡಿಯೋಣ ಅಂತ ಆಟ ಕಟ್ಟುವುದಕ್ಕೆ ಕೂತಳು.

ಎಂಥ ಆಟ ಅಂತೀರಿ! ಹಳೇ ಊಟದ ಮೇಜಿಗೆ ನಾಲ್ಕು ತೂತು ಕೊರೆದಳು. ತಾಮ್ರದ ತಂತಿಗೊಂದು, ಪ್ಲಾಸ್ಟಿಕ್ಕಿಗೊಂದು, ಹಸಿರು ಸರ್ಕ್ಯೂಟ್ ಹಲಗೆಗೊಂದು, ಸುತ್ತ ಕೆಂಪು ಬಳಿದದ್ದು ಬ್ಯಾಟರಿಗೆ. ಕೆಟ್ಟ ವಸ್ತುವನ್ನು ಬಿಚ್ಚಿ, ಬಂದ ಭಾಗವನ್ನು ತಕ್ಕ ತೂತಿಗೆ ಹಾಕಿದರೆ ಒಂದು ಅಂಕ. ಬೆಂಕಿ ಹೊತ್ತೀತು ಅಂತ ನಿಜವಾದ ಬ್ಯಾಟರಿಗಳನ್ನು ತಾನೇ ತೆಗೆದು, ಅವುಗಳ ಜಾಗದಲ್ಲಿ ಅಯಸ್ಕಾಂತ ಹುದುಗಿಸಿದ ಅದೇ ಆಕಾರದ ಮರದ ತುಂಡು ಇಟ್ಟಿದ್ದಳು. ಆ ತುಂಡು ಬೇರೆ ತೂತಿಗೆ ಬಿತ್ತೋ, ಮೇಜಿನಡಿ ಕಟ್ಟಿದ ಹಾರ್ನು ಕತ್ತೆಯ ಹಾಗೆ ಕಿರುಚುತ್ತಿತ್ತು. ಮೊದಲ ಸಲ ಕಿರುಚಿದಾಗ ಅಕ್ಕ ಕುಣಿದೇಬಿಟ್ಟಳು.

ಭಾನುವಾರ ಶಾಲೆಯ ಹೆಡ್ ಮೇಡಂ ಬಂದು ನೋಡುವುದು ಅಂತಾಯಿತು. ಅವರು ಒಪ್ಪಿದರೆ ಆಟ ಶಾಲೆಯ ಗ್ರಂಥಾಲಯಕ್ಕೆ. ಒಪ್ಪದಿದ್ದರೆ ಸೌದೆಗೆ, ಯಾಕೆಂದರೆ ಅತ್ತೆ ಆಗಲೇ ಹೊಸ ಮೇಜು ನೋಡಿ ಬಂದಿದ್ದರು.

ಅವತ್ತು ಬೆಳಿಗ್ಗೆಯೇ ಮಕ್ಕಳ ದಂಡು ಮುತ್ತಿಕೊಂಡಿತು. ಅಕ್ಕ ಮೇಜಿನ ಕೆಳಗೆ ಮಲಗಿ ಸಡಿಲವಾದ ತಂತಿ ಬಿಗಿಯುತ್ತಿದ್ದರೆ, ಮೇಲೆ ಅಂಕದ ಮೇಲೆ ಅಂಕ! "ನಂದು ಹನ್ನೆರಡು!" "ಸುಳ್ಳು ಹೇಳ್ಬೇಡ್ವೇ, ಹತ್ತು!" ಮಂಚದ ಕೆಳಗಿನ ಗುಡ್ಡೆ ಖಾಲಿಯಾದದ್ದೇ ಅವಳಿಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದಾಯಿತು.

"ಆಗಿನಿಂದ ಬೆಲ್ ಒತ್ತಿ ಒತ್ತಿ ಬೆರಳು ಸವೀತು. ಮನೇಲಿ ಯಾರೂ ಇಲ್ವೇನಮ್ಮ?" ಅನ್ನುತ್ತ ಹೆಡ್ ಮೇಡಂ ಒಳಗೆ ಬಂದರು.

ಎರಡು ಜಡೆಯ ಹುಡುಗಿ ಎದೆಯುಬ್ಬಿಸಿ ಹೇಳಿದಳು: "ಬೆಲ್ಲಾ? ಅದಕ್ಕೆ ನಂಗೆ ಮೂರು ಅಂಕ ಬಂತು ಮೇಡಂ!"

ಒಳಗಿನಿಂದ ಅತ್ತೆ ಬಂದರು. "ನನ್ನ ಟಿವಿ ರಿಮೋಟ್ ಎಲ್ಲೇ?" ಮೇಜಿನ ಮೇಲೆ ಹೊಟ್ಟೆ ಬಗೆದುಕೊಂಡು ಬಿದ್ದ ರಿಮೋಟ್ ಕಂಡಿತು. "ನೋಡಿ ಮೇಡಂ, ನಮ್ಮ ಸೊಸೆ ಊರಿಗೆ ಉಪಕಾರಿ, ಮನೆಗೆ ಮಾರಿ!"

ಹೆಡ್ ಮೇಡಂ ಅಡ್ಡಡ್ಡ ತಲೆಯಾಡಿಸಿದರು. "ಇದನ್ನ ಶಾಲೇಲಿಟ್ರೆ ಸಂಜೆ ಹೊತ್ತಿಗೆ ಒಂದು ಫ್ಯಾನೂ ಉಳಿಯಲ್ಲ ಕಣಮ್ಮ."

ಅಕ್ಕ ಮೇಜಿನ ಕೆಳಗಿಂದ ತೆವಳಿ ಹೊರಬಂದಳು. ಮಕ್ಕಳ ಮುಖ ನೋಡಿದಳು, ರಿಮೋಟ್ ನೋಡಿದಳು, ತಟ್ಟನೆ ಹಣೆ ಚಚ್ಚಿಕೊಂಡು ನಕ್ಕಳು. "ತಪ್ಪು ಇವರದ್ದಲ್ಲ ಮೇಡಂ! ಬಿಚ್ಚಿದ್ರೆ ಅಂಕ ಅಂದೋಳು ನಾನೇ. ಹೊಟ್ಟೆಪಾಡಿಗೆ ರಿಪೇರಿ ಮಾಡೋಳು, ಆಟದಲ್ಲಿ ರಿಪೇರಿಯನ್ನೇ ಮರ್ತಿದ್ದೀನಿ! ಸ್ವಲ್ಪ ಕೂತ್ಕೊಳ್ಳಿ, ಕೈ ಮುಗೀತೀನಿ."

ಸೀಮೆಸುಣ್ಣ ತಗೊಂಡು ಮೇಜಿನ ನಡುವೆ ದೊಡ್ಡ ವೃತ್ತ ಎಳೆದು, ಒಳಗೆ ಬರೆದಳು: ಜೀವ ಇದೆಯಾ? "ಕೇಳ್ರೋ! ಯಾವುದೇ ಆದ್ರೂ ಮೊದಲು ಇಲ್ಲಿಟ್ಟು ಪರೀಕ್ಷೆ ಮಾಡ್ಬೇಕು. ಬದುಕಿಸಿದ್ರೆ ಐದು ಅಂಕ. ಬದುಕಿರೋದನ್ನ ಬಿಚ್ಚಿದ್ರೆ ಗಳಿಸಿದ್ದೆಲ್ಲ ಗೋವಿಂದ! ಎಷ್ಟು ತಿಣುಕಿದ್ರೂ ಏಳದೇ ಇರೋದಕ್ಕೆ ಮಾತ್ರ ಈ ತೂತು."

ಮಕ್ಕಳು ಜೇನುಹುಳುವಿನ ಹಾಗೆ ಮುತ್ತಿದರು. ಬೆಲ್ ಮತ್ತೆ ಗೋಡೆಗೇರಿತು. "ಸ್ಪ್ರಿಂಗು ಹಾಗಲ್ಲ ಕಣೋ, ಆ ಕಡೆ ತಿರುಗ್ಸು!" ಅಂತ ಅತ್ತೆಯೇ ಸೆರಗು ಸಿಕ್ಕಿಸಿಕೊಂಡು ರಿಮೋಟಿಗೆ ಕೈ ಹಚ್ಚಿದರು. ಹೆಡ್ ಮೇಡಂ ಮೆಲ್ಲಗೆ ಚೀಲದಿಂದ ಒಂದು ಕ್ಯಾಲ್ಕುಲೇಟರ್ ತೆಗೆದರು. ಎಷ್ಟೋ ದಿನದಿಂದ ಉಸಿರಿಲ್ಲದ್ದು. ಅಕ್ಕ ಸ್ಕ್ರೂ ಡ್ರೈವರ್ ಕೊಟ್ಟಳು, ಕ್ಯಾಲ್ಕುಲೇಟರನ್ನು ಅವರ ಕೈಯಿಂದ ಕಸಿದುಕೊಳ್ಳಲಿಲ್ಲ. ಮೇಡಂ ತಾವೇ ಬಿಚ್ಚಿ, ತುಕ್ಕು ಕೆರೆದು, ಮುಚ್ಚಿ ಒತ್ತಿದರೆ ಪರದೆಯ ಮೇಲೊಂದು ಸೊನ್ನೆ!

"ಬಂತು! ಬಂತು! ನಂಗೆ ಐದು!" ಮೇಡಂ ಕೂಗಿದ ಕೂಗಿಗೆ ಓಣಿಯೇ ಕಿಟಕಿ ತೆರೆಯಿತು.

ಆಮೇಲೆ ಕನ್ನಡಕ ಸರಿ ಮಾಡಿಕೊಂಡು ಗಂಭೀರವಾದರು. "ನಾಳೇನೇ ಗ್ರಂಥಾಲಯಕ್ಕೆ ತಗೊಂಡು ಬನ್ನಿ. ಆದ್ರೆ ಅಲ್ಲಿನ ಬಾಗಿಲು ಇಕ್ಕಟ್ಟು, ಈ ಮೇಜು ತೂರುತ್ತಾ?"

ಅಕ್ಕ ಉತ್ತರ ಕೊಡುವ ಮೊದಲೇ ಮಕ್ಕಳು ಮೇಜಿನ ಕೆಳಗೆ ನುಗ್ಗಿ ಕಾಲುಗಳ ಸ್ಕ್ರೂ ತಿರುಗಿಸುತ್ತಿದ್ದರು.

"ಬಿಡ್ರೋ, ಅದಿನ್ನೂ ಬದುಕಿದೆ!" ಅಂತ ಅತ್ತೆ ಅವರ ಹಿಂದೆಯೇ ನುಗ್ಗಿದರು.