ರೆಕಾರ್ಡ್ ರೂಮಿನ ಗೌಡರ ಟೀವಿ

ಚನ್ನರಾಯಪಟ್ಟಣದ ನಮ್ಮ ಬೀದಿಯ ನಂಜಪ್ಪಗೌಡರು ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ಕೂತು, ಹಳೆಯ ಕಾಗದ ಕೇಳಿಕೊಂಡು ಬಂದವರಿಗೆ ಕುರ್ಚಿಯಿಂದ ಏಳದೆಯೇ "ಸಿಕ್ನಿಲ್ಲ, ನಾಳಿಕ್ ಬಾ" ಎಂದು ಹೇಳಿ ಹೇಳಿಯೇ ನಿವೃತ್ತರಾದವರು. ಈಗ ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ರಿಮೋಟನ್ನು ಬಾಯಿಯ ಹತ್ತಿರ ಹಿಡಿದು, ಯಾವುದೋ ಹಳೆಯ ಪೌರಾಣಿಕ ನಾಟಕ ಹುಡುಕಿಕೊಡಲು ಟೀವಿಗೆ ಅಪ್ಪಣೆ ಮಾಡುತ್ತಾರೆ. ಅದು ಅರೆಗಳಿಗೆ ತಡಮಾಡಿದರೆ "ಉಡುಕಕ್ಕೆ ಏನ್ಲಾ ರೋಗ ನಿಂಗೆ?" ಎಂದು ಗದರುತ್ತಾರೆ. ಹುಡುಕಾಟ ಸುಧಾರಿಸಿ ಎಂದು ಕಂಪನಿಗೆ ಬರೆದ ದೂರುಗಳು ಏಳಾಗಿವೆ. ಟೀವಿಯಲ್ಲಿ ಉಳಿಯುವ, ತಾವು ಹುಡುಕಿದ್ದರ ಪಟ್ಟಿಯನ್ನು ಮಾತ್ರ ದಿನಾ ಸಂಜೆ ಅಳಿಸಿಬಿಡುತ್ತಾರೆ. ಸಾಕ್ಷಿ ಉಳಿಸುವುದು ಅವರ ಜಾಯಮಾನವಲ್ಲ. ನಿನ್ನೆ ಟೀವಿ ಮೂರನೇ ಸಲವೂ "ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ" ಎಂದಾಗ ಗೌಡರು ಕೆಂಡವಾದರು. ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಪುಟ್ಟಲಕ್ಷ್ಮಮ್ಮ ತಲೆಯೆತ್ತದೆ ಕೇಳಿದರು: "ನಮ್ಮಪ್ಪನ ಜಮೀನಿನ್ ಕಾಗ್ದಾನೂ ನೀವು ಇಂಗೇ ಉಡುಕಿದ್ರಿ, ಅಲ್ವಾ?"