ದರ್ಜಿ ಅಕ್ಕನ ಚಿಂದಿ ಚೀಲ

ಮನೆಯ ಗುಟ್ಟು ಕಾಯುವುದು ಬೀಗ ಎಂದು ಬಹಳ ಜನ ನಂಬಿದ್ದಾರೆ. ನಾನು ಬೀಗವನ್ನೂ ಮಾರುತ್ತೇನೆ, ಬಕೆಟ್ಟನ್ನೂ ಮಾರುತ್ತೇನೆ. ನನ್ನನ್ನು ಕೇಳಿದರೆ ಗುಟ್ಟು ಕಾಯುತ್ತಿದ್ದದ್ದು ಕಸದ ಬುಟ್ಟಿ. ಎಲ್ಲವೂ ಒಟ್ಟಿಗೆ ಕೊಳೆಯುತ್ತಿದ್ದಾಗ ಯಾರು ಏನು ತಿಂದರೆಂದು ನೊಣಕ್ಕಷ್ಟೇ ಗೊತ್ತಿತ್ತು. ನಗರಸಭೆ ಕಾಯಿದೆ ತಂದಿತು ನೋಡಿ: ಹಸಿ ಕಸ ಬೇರೆ, ಒಣ ಕಸ ಬೇರೆ, ಒಣ ಕಸಕ್ಕೆ ಒಳಗಿನದೆಲ್ಲ ಕಾಣುವ ಪಾರದರ್ಶಕ ಚೀಲ. ನನ್ನ ಅಂಗಡಿಯ ಹಸಿರು, ನೀಲಿ ಬಕೆಟ್ಟುಗಳು ನಿಂತ ನಿಲುವಿನಲ್ಲೇ ಖಾಲಿಯಾದವು. ಫಜೀತಿಯಾದದ್ದು ದರ್ಜಿ ಅಕ್ಕನಿಗೆ.

ಎದುರಿನ ನಾಲ್ಕು ಮಹಡಿಯ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅಕ್ಕ ಹತ್ತೊಂಬತ್ತು ವರ್ಷದಿಂದ ಹೊಲಿಯುತ್ತಿದ್ದಾಳೆ. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ತಾಗುತ್ತದೆ, ಹಾಗಾಗಿ ಕೂತೇ ಇರುತ್ತಾಳೆ. ಗಂಡ ತೀರಿಕೊಂಡ ವರ್ಷ ಆ ಕೋಣೆ ಹಿಡಿದವಳು, ಅಲ್ಲೇ ಮಿಷನ್ನು ತುಳಿದು ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದಳು. ಕಟ್ಟಡದಲ್ಲಿ ಯಾರ ಸೊಂಟ ಎಷ್ಟು ಇಂಚು ಬೆಳೆಯಿತೆಂದು ಡಾಕ್ಟರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಕೆದಕಿದರೆ, "ಅಳತೆ ಪುಸ್ತಕ ತೆರೆದಿಟ್ರೆ ಅಂಗಡಿ ಮುಚ್ಚಬೇಕಾಗುತ್ತೆ ಅಣ್ಣ" ಎನ್ನುತ್ತಾಳೆ.

ಕಾಯಿದೆಯಲ್ಲಿ ಇನ್ನೊಂದು ಕೊಕ್ಕೆಯಿತ್ತು. ಒಬ್ಬರು ಕಸ ಬೆರೆಸಿದರೂ ಇಡೀ ಕಟ್ಟಡಕ್ಕೆ ಕೆಂಪು ಚೀಟಿ. ಮೂರು ಚೀಟಿಯಾದರೆ ಒಂದು ತಿಂಗಳು ಕಸದ ಗಾಡಿ ನಿಲ್ಲುವುದಿಲ್ಲ. ಎರಡು ಚೀಟಿ ಬಿದ್ದವು. ಎರಡೂ ಸಲ, ಕೋಣೆಯಲ್ಲಿ ಜಾಗವಿಲ್ಲದೆ ಹೊರಗಿಡುತ್ತಿದ್ದ ಅಕ್ಕನ ಚಿಂದಿ ಚೀಲದಲ್ಲಿ ಬಾಳೆಹಣ್ಣಿನ ಸಿಪ್ಪೆ!

"ಏನಕ್ಕಾ, ಬಾಳೆಹಣ್ಣಿಗೂ ಅಂಗಿ ಹೊಲೀತೀಯಾ?" ಎಂದು ಗಾಡಿಯ ಹೆಂಗಸು ಚೀಟಿ ಹರಿದುಕೊಟ್ಟು, ಚೀಲವನ್ನು ಅಲ್ಲೇ ಬಿಟ್ಟುಹೋದಳು.

ಕಟ್ಟಡದ ಸೆಕ್ರೆಟರಿ ನಿವೃತ್ತ ಮೇಷ್ಟ್ರು. ಕಸ ವಿಂಗಡಣೆಯ ಬಗ್ಗೆ ಪ್ರತಿ ಮಹಡಿಯಲ್ಲೂ ದುಂಡಕ್ಷರದ ನೋಟೀಸು ಅಂಟಿಸಿದವರು.

"ಭಾನುವಾರ ಮೀಟಿಂಗ್ ಇಟ್ಟಿದ್ದೀನಮ್ಮ. ಕೋಣೆ ಖಾಲಿ ಮಾಡಿಸೋದೊಂದೇ ದಾರಿ" ಎಂದರು.

"ಸಾರ್, ನಾನು ಕೋಣೇಲಿ ಏನೂ ತಿನ್ನಲ್ಲ. ಬಟ್ಟೆಗೆ ಕಲೆಯಾದ್ರೆ ಕಟ್ಟಿಕೊಡೋರು ಯಾರು?"

"ಚೀಲ ನಿಂದು ತಾನೆ? ಅಷ್ಟು ಸಾಕು."

ಶನಿವಾರ ಸಂಜೆ ಅಕ್ಕ ಹಳೇ ಪೇಪರ್ ಹಾಸಿ ಇಡೀ ಚೀಲ ಸುರಿದಳು. ಚಿಂದಿಯ ನಡುವೆ ಗಂಟು ಕಟ್ಟಿದ ಹಳೇ ಪೈಜಾಮವೊಂದು ಉರುಳಿತು. ಗಂಟು ಬಿಚ್ಚಿ ನೋಡಿದಳು, ಮತ್ತೆ ಕಟ್ಟಿದಳು. ಅಂಗಡಿಯಿಂದ ನೋಡುತ್ತಿದ್ದ ನನಗೆ ಅವಳು ನಕ್ಕದ್ದು ಕಾಣಿಸಿತು. ಯಾಕೆಂದು ಕೇಳಿದರೆ ಹೇಳಬೇಕಲ್ಲ!

ಭಾನುವಾರದ ಮೀಟಿಂಗಿಗೆ ಬಕೆಟ್ ಮಾದರಿ ತೋರಿಸಲು ನನ್ನನ್ನೂ ಕರೆದಿದ್ದರು. ಮೇಷ್ಟ್ರು ಶಿಸ್ತಿನ ಮೇಲೆ ಕಾಲು ಗಂಟೆ ಪಾಠ ಮಾಡಿದರು. ಅದು ಮುಗಿದ ಮೇಲೆ ಅಕ್ಕ ಗಂಟನ್ನು ಮೇಜಿನ ಮೇಲಿಟ್ಟಳು.

"ನನ್ನ ಚೀಲಕ್ಕೆ ಸಿಪ್ಪೆ ಬಂದದ್ದು ಇದರೊಳಗೆ. ಈ ಪೈಜಾಮ ನಾನೇ ಹೊಲಿದದ್ದು. ಸೊಂಟದ ಪಟ್ಟಿ ಒಳಗಡೆ ಒಂದು ಕಳ್ಳಜೇಬಿದೆ. ಅಂಥ ಜೇಬು ಇಡಿಸ್ಕೊಂಡವರು ಈ ಕಟ್ಟಡದಲ್ಲಿ ಒಬ್ಬರೇ. ಗಿರಾಕಿ ಹೆಸರು ನಾನು ಹೇಳಲ್ಲ. ಅವರೇ ಹೇಳಲಿ, ಇಲ್ಲಾ ನನ್ನ ಕೋಣೆ ನನಗೆ ಬಿಡಿ."

ಕುಂಬಳಕಾಯಿ ಕಳ್ಳನಾದರೆ ಹೆಗಲು ಮುಟ್ಟಿಕೊಳ್ಳುತ್ತಿದ್ದ. ಮೇಷ್ಟ್ರ ಕೈ ಸೀದಾ ಸೊಂಟಕ್ಕೆ ಹೋಯಿತು.

"ಏನ್ರೀ, ಸೊಂಟ ಯಾಕೆ ಹಿಡ್ಕೊಂಡ್ರಿ?" ಮೇಷ್ಟ್ರ ಹೆಂಡತಿ ಎದ್ದು ಬಂದು ಗಂಟು ಬಿಚ್ಚಿದರು. ಕಪ್ಪಾದ ಸಿಪ್ಪೆಗಳ ಹೊಟ್ಟೆಯಲ್ಲಿ ಚಾಕೊಲೇಟಿನ ಬಣ್ಣದ ಕಾಗದಗಳು, ಏನಿಲ್ಲೆಂದರೂ ನಲವತ್ತು.

"ಮೂರು ವರ್ಷದಿಂದ ಇವರಿಗೋಸ್ಕರ ನಾನೂ ಸಪ್ಪೆ ಟೀ ಕುಡೀತಿದ್ದೀನಿ! ಶುಗರ್ ಯಾಕೆ ಇಳೀತಿಲ್ಲ ಅಂತ ಡಾಕ್ಟರು ತಲೆ ಕೆರ್ಕೋತಿದ್ದಾರೆ!"

"ಮೊದಲು ಬುಟ್ಟಿ ತಳಕ್ಕೆ ಹಾಕಿದ್ರೆ ಮುಗೀತಿತ್ತು ಕಣೇ" ಎಂದರು ಮೇಷ್ಟ್ರು ಕ್ಷೀಣವಾಗಿ. "ಈಗ ಪಾರದರ್ಶಕ ಚೀಲ. ಚಿಂದಿ ಮಧ್ಯೆ ಆದ್ರೆ ಕಾಣಲ್ಲ ಅಂದ್ಕೊಂಡೆ. ಕಾಯಿದೆ ಮಾಡೋರು ಹೆಂಡತೀರ ಬಗ್ಗೆ ಯೋಚನೆ ಮಾಡಲ್ಲ."

"ಯೋಚನೆ ಮಾಡಿಯೇ ಕಾಯಿದೆ ಮಾಡಿದ್ದಾರೆ ಬಿಡಿ!" ಎಂದು ಮೂರನೇ ಮಹಡಿಯ ಅಜ್ಜಿ ಕೂಗಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಕೋಣೆ ವಿಷಯ ಮುಂದಿನ ಮೀಟಿಂಗಿಗೆ ಹಾಕೋಣ" ಎಂದು ಮೇಷ್ಟ್ರು ನಡಾವಳಿ ಪುಸ್ತಕ ಮುಚ್ಚಲು ಹೋದರು.

"ಮುಚ್ಚಬೇಡಿ, ಬರೀರಿ" ಎಂದರು ಹೆಂಡತಿ. "ಕೋಣೆ ದರ್ಜಿಯಮ್ಮನದೇ. ಅವರ ಚೀಲ ದಿನಾ ಬೆಳಿಗ್ಗೆ ಗಾಡಿಗೆ ಕೊಡೋದು ಸೆಕ್ರೆಟರಿ ಕೆಲಸ. ಬರೆದ್ರಾ? ಸಹಿ ಹಾಕಿ."

ಸೋಮವಾರ ಬೆಳಿಗ್ಗೆ ಗಾಡಿಯ ಹೆಂಗಸು ಚೀಲದೊಳಗೆ ಮೊಣಕೈವರೆಗೂ ಕೈಯಾಡಿಸಿದಳು. ಮೇಷ್ಟ್ರು ಪರೀಕ್ಷೆಗೆ ಕೂತ ಹುಡುಗನ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದರು.

"ಬರೀ ಬಟ್ಟೆ. ಪಾಸ್!" ಎಂದಳು.

ಮೆಟ್ಟಿಲ ಕೆಳಗೆ ಅಕ್ಕ ತಲೆಯೆತ್ತಲಿಲ್ಲ. ಅವಳಿಗೆ ಅವತ್ತು ರವಿಕೆಗಳಿಗೆ ಆರು ತೋಳು ಕೂರಿಸುವ ಕೆಲಸವಿತ್ತು.