ಹಲ್ಲಿನ ಕಾಲಂ

ಫಾಕ್ಸ್‌ಪ್ರೊ ಎಂಬ ಹಳೆಯ ಕಂಪ್ಯೂಟರ್ ಭಾಷೆ ಈಗಲೂ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳುವವರೇ ಇಲ್ಲ. ನಾನೊಬ್ಬನೇ ಕೇಳಿಕೊಳ್ಳುತ್ತೇನೆ, ಅದೂ ಸ್ನಾನ ಮಾಡುವಾಗ.

ಕಾಲೇಜು ಮುಗಿಸಿದ ಹೊಸತರಲ್ಲಿ ಸೇಲಂ ಕಡೆಯ ಮೇಚೇರಿಯ ಕುರಿ ಸಾಕುವವರ ಸಂಘವೊಂದಕ್ಕೆ ಆ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಯಾವ ಕುರಿ ಯಾರದು, ವಯಸ್ಸೆಷ್ಟು, ಯಾವ ಟಗರಿನ ಮರಿ, ಇಷ್ಟೇ. ನಾನು ಬರೆದವುಗಳಲ್ಲಿ ಇನ್ನೂ ನಡೆಯುತ್ತಿದ್ದದ್ದು ಅದೊಂದೇ. ಅಲ್ಲಿಂದ ಫೋನ್ ಬಂದರೆ ಕಂಪ್ಯೂಟರ್ ಕೆಟ್ಟಿತೇನೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಬರದಿದ್ದರೆ, ಕೆಟ್ಟಿದ್ದರೂ ಹೇಳಲಿಲ್ಲವೇನೋ ಎಂದು ಇನ್ನೂ ಜೋರಾಗಿ.

ಹೋದ ವರ್ಷ ಸಂಘದವರು ಫೋನಿನಲ್ಲೇ ನಡೆಯುವ ಆ್ಯಪ್ ಮಾಡಿಸಿದರು. ಮಾಡಿದವಳು ಕಾರ್ಯದರ್ಶಿಯ ಅಕ್ಕನ ಮಗಳು, ಸೇಲಂನಲ್ಲಿ ಓದಿದವಳು. ನನ್ನ ಕಥೆ ಮುಗಿಯಿತು ಅಂದುಕೊಂಡಿದ್ದಾಗ ಕಾರ್ಯದರ್ಶಿಯ ಫೋನ್ ಬಂತು.

"ಅಣ್ಣಾ, ಒಂದ್ ಕಿತ ಬಂದೋಗು. ಆ್ಯಪ್‌ನಾಗೆ ಎಲ್ಲಾ ಕುರೀನೂ ಮಾಟ್ಟುಪ್ಪೊಂಗಲ್ ದಿನಾನೇ ಉಟ್ಬುಟ್ಟವೆ."

ನಮ್ಮೂರು ನಲ್ಲಂಪಳ್ಳಿಯಿಂದ ಬಸ್ಸಿನಲ್ಲಿ ಹೋಗುವಾಗ ಒಬ್ಬನೇ ನಗುತ್ತಿದ್ದೆ. ಆ್ಯಪ್ ಹುಟ್ಟಿದ ತಾರೀಕು ಕೇಳುತ್ತಿತ್ತು. ನಮ್ಮಲ್ಲಿ ಕುರಿಯ ತಾರೀಕನ್ನು ಯಾರು ನೆನಪಿಡುತ್ತಾರೆ? ಬಾಯಿ ಬಿಡಿಸಿ, ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಎನ್ನುತ್ತಾರೆ, ವಯಸ್ಸು ಗೊತ್ತಾಯಿತು. ಆ್ಯಪ್ ಬಿಡದೆ ಕಾಡಿದ್ದಕ್ಕೆ, ದನಕರುಗಳಿಗೆ ಪೂಜೆ ಮಾಡುವ ಆ ಒಳ್ಳೆಯ ದಿನವನ್ನೇ ಎಲ್ಲರೂ ಹೇಳಿದ್ದರು. ತಾಯಿ, ಮಗಳು, ಮೊಮ್ಮಗಳು ಒಂದೇ ದಿನ ಹುಟ್ಟಿದ್ದವು. ನನ್ನ ಪ್ರೋಗ್ರಾಂ ಮೊದಲಿನಿಂದಲೂ ಹಲ್ಲನ್ನೇ ಕೇಳುತ್ತಿತ್ತು. ಇನ್ನು ಇವರು ನನ್ನನ್ನು ಬಿಡುವಂತಿಲ್ಲ ಎಂದುಕೊಂಡೆ.

ಸಂಘದ ಕೋಣೆಯಲ್ಲಿ ಆ ಹುಡುಗಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರಿನಲ್ಲಿ ನನ್ನ ಪ್ರೋಗ್ರಾಂ ತೆರೆದು ತೋರಿಸಿ, ಬೇಕಾದದ್ದಕ್ಕಿಂತ ದೊಡ್ಡ ದನಿಯಲ್ಲಿ, ಹಲ್ಲಿನ ವಿಷಯ ವಿವರಿಸಿದೆ.

"ಅವ್ಳೋದಾನಾ ಮಾಮಾ?" ಅಂದಳು. ಅಷ್ಟೇನಾ ಎಂದು. ನಾನು ಕನ್ನಡದಲ್ಲಿ ಏನೇ ಹೇಳಲಿ, ಅವಳ ಉತ್ತರ ತಮಿಳಿನಲ್ಲೇ.

ಅವಳು ಏನೋ ಒತ್ತಿದಳು. ನನ್ನ ಟೀ ಇನ್ನೂ ಬಿಸಿಯಾಗಿತ್ತು, ಆ್ಯಪ್‌ನಲ್ಲಿ ಹಲ್ಲಿನ ಕಾಲಂ ಬಂದಿತ್ತು. ಓದಲು ಬಾರದವರಿಗೆ ಹಲ್ಲಿನ ಚಿತ್ರವೂ.

ಕಾರ್ಯದರ್ಶಿ ಫೋನನ್ನು ಕಣ್ಣಿನ ಹತ್ತಿರ ಹಿಡಿದರು. "ಪಟ ಬೇರೆ ಐತಲ್ಲಣ್ಣಾ. ನಿಂದ್ರಾಗೆ ಇರ್ನಿಲ್ಲ."

"ಇರ್ನಿಲ್ಲ," ಅಂದೆ.

"ಅಂಗಾರೆ ಆ ಕಂಪ್ಯೂಟರ್ ತೆಗ್ದುಬುಡಾನ. ಮೇಜಿನ್ ಮ್ಯಾಲೆ ಜಂತಿನ್ ಔಸ್ದಿ ಇಕ್ಕಾಕೆ ಜಾಗ ಬೇಕು."

ಇಷ್ಟು ವರ್ಷ ನನ್ನನ್ನು ಕಾಪಾಡಿದ್ದು ಭಾಷೆಯಲ್ಲ, ಕುರಿಯ ಹಲ್ಲು. ಅದು ಯಾವ ಭಾಷೆಗೂ ಒಗ್ಗುತ್ತದೆ. ಹುಡುಗಿಗೆ ಹಳೆಯ ದಾಖಲೆಗಳು ಬೇಕಿದ್ದವು. ನಾನು ಒಂದೇ ಒಂದು ಸಾಲು ಟೈಪ್ ಮಾಡಿದೆ. ಫಾಕ್ಸ್‌ಪ್ರೊ ಎಲ್ಲಿಯೂ ತಡವರಿಸದೆ ಅಷ್ಟನ್ನೂ ಬಿಟ್ಟುಕೊಟ್ಟಿತು. ಅದು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.